ದೀಪದ ಕಾಲಂ ಕಲಿಸಿದ ಮೇಡಂ

ಹೃದಯಕ್ಕೊಂದು ವಿಭಾಗವಿದೆ, ಮೂತ್ರಪಿಂಡಕ್ಕೊಂದು ವಿಭಾಗವಿದೆ, ಹಲ್ಲಿಗಂತೂ ಪ್ರತ್ಯೇಕ ಕಾಲೇಜೇ ಇದೆ. ಆದರೆ ಅದೇ ಹೃದಯ ನಸುಕಿನಲ್ಲಿ ಒಂದು ಬಗೆಯಾಗಿ, ಮಧ್ಯಾಹ್ನ ಇನ್ನೊಂದು ಬಗೆಯಾಗಿ ಏಕೆ ಬಡಿಯುತ್ತದೆ, ಜ್ವರ ಸಂಜೆಯ ಹೊತ್ತಿಗೇ ಏಕೆ ಏರುತ್ತದೆ, ಗಡಿಯಾರವನ್ನೇ ನೋಡದ ಹಸುಗೂಸಿಗೆ ಮೂರು ತಿಂಗಳಾಗುವಷ್ಟರಲ್ಲಿ ಹಗಲು ಯಾವುದು ರಾತ್ರಿ ಯಾವುದು ಎಂದು ಯಾರು ಹೇಳಿಕೊಡುತ್ತಾರೆ ಎಂದು ಕೇಳುವವರಿಗೆ ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಕೂರಲು ಒಂದು ಕುರ್ಚಿಯೂ ಇರಲಿಲ್ಲ. ಮೂವತ್ತನಾಲ್ಕು ವರ್ಷಗಳ ಹಿಂದೆ ಶರೀರಕ್ರಿಯಾ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದು, ಆ ಕುರ್ಚಿಯನ್ನು ತಾವೇ ಹೊತ್ತು ತಂದು ಹಾಕಿಕೊಂಡು ಕುಳಿತವರು ನಮ್ಮ ಮೇಡಂ. ದೇಹದ ದಿನಚರಿಯನ್ನು ಅಭ್ಯಾಸ ಮಾಡುವ ಶಾಸ್ತ್ರ ಇಂದು ನಮ್ಮ ಪಠ್ಯದಲ್ಲಿ ಒಂದು ಅಧ್ಯಾಯವಾಗಿ ಸೇರಿದ್ದರೆ, ಅದರ ಹಿಂದೆ ಅವರ ಸೇವಾವಧಿಯ ಅಷ್ಟೂ ವರ್ಷಗಳ ಹಟವಿದೆ.

ಅವರ ನಿವೃತ್ತಿಯ ಸಂದರ್ಭದ ಈ ಸಂಪುಟಕ್ಕೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, "ಗುಣಗಾನ ಆರು ಪುಟ ಮೀರದಿರಲಿ" ಎಂಬ ಸೂಚನೆಯನ್ನೂ ಕೊಟ್ಟಿದ್ದರು. ಗುಣಗಾನ ಮಾಡುವವರು ಈ ಸಂಪುಟದಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರೆಲ್ಲ ನನಗಿಂತ ಚೆನ್ನಾಗಿ ಬರೆಯಬಲ್ಲರು. ಮೇಡಂ ಅವರ ವಿದ್ಯಾರ್ಥಿಯಾಗಿ, ಆಮೇಲೆ ಸಹಾಯಕನಾಗಿ, ಈಗ ಅವರು ತೆರವು ಮಾಡುತ್ತಿರುವ ಜಾಗದಲ್ಲಿ ಕೂರಬೇಕಾದವನಾಗಿ ನನ್ನ ಬಳಿ ಇರುವುದು ಒಂದು ತಪ್ಪೊಪ್ಪಿಗೆ. ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನ ಸೋಮಾರಿತನದಿಂದ ಒಬ್ಬ ಮನುಷ್ಯ ತನ್ನ ಕಣ್ಣು ಕಳೆದುಕೊಳ್ಳುವುದರಲ್ಲಿದ್ದ. ಅಭಿನಂದನ ಗ್ರಂಥದಲ್ಲಿ ಇಂಥದ್ದನ್ನು ಬರೆಯುವ ವಾಡಿಕೆಯಿಲ್ಲವೆಂದು ನನಗೆ ಗೊತ್ತು. ಆದರೆ ಇದನ್ನು ಬಿಟ್ಟು ಮೇಡಂ ಬಗ್ಗೆ ಬರೆದರೆ ಅದು ಉಪ್ಪಿಲ್ಲದ ಅಡುಗೆಯಾದೀತು.

ಮೇಡಂ ಸೇವೆಗೆ ಸೇರಿದಾಗ ವಿಭಾಗದಲ್ಲಿ ಖಾಲಿಯಿದ್ದದ್ದು ಮೆಟ್ಟಿಲ ಕೆಳಗಿನ ಒಂದು ಉಗ್ರಾಣ. ಕಿಟಕಿಯಿಲ್ಲ, ಗಾಳಿಯಿಲ್ಲ, ಮುರಿದ ಸ್ಟೂಲುಗಳ ರಾಶಿ ಮಾತ್ರ. ಬೇರೆ ಯಾರಿಗಾದರೂ ಆ ಕೋಣೆ ಕೊಟ್ಟಿದ್ದರೆ ಅವಮಾನವಾಯಿತೆಂದು ಪ್ರಾಂಶುಪಾಲರಿಗೆ ಅರ್ಜಿ ಹೋಗುತ್ತಿತ್ತು. ಮೇಡಂ ಮಾತ್ರ ಒಳಹೊಕ್ಕು, ಬಾಗಿಲು ಹಾಕಿಕೊಂಡು, ಐದು ನಿಮಿಷ ಕತ್ತಲೆಯಲ್ಲಿ ನಿಂತು, ಹೊರಬಂದು, "ಬಾಗಿಲ ಕೆಳಗಿನ ಸಂದಿಯಿಂದ ಸ್ವಲ್ಪ ಬೆಳಕು ಬರ್ತಿದೆ, ಅದೊಂದು ಮುಚ್ಚಿಸಿಕೊಡಿ, ಇದೇ ಸಾಕು" ಎಂದರಂತೆ. ಅಂದಿನಿಂದ ಆಸ್ಪತ್ರೆಯ ಆಯಾಗಳು, ವಾರ್ಡ್ ಬಾಯ್‌ಗಳು, ಕ್ಯಾಂಟೀನಿನವರು ಎಲ್ಲರಿಗೂ ಅವರು 'ಕತ್ತಲೆ ಮೇಡಂ'. ಯಾವ ವಾರ್ಡಿಗೆ ಹೋದರೂ ಬೇಡದ ದೀಪ ಆರಿಸಿಯೇ ಬರುತ್ತಿದ್ದುದರಿಂದ ಆ ಹೆಸರು ಭದ್ರವಾಗಿ ನಿಂತಿತು.

ನಾನು ಅವರನ್ನು ಮೊದಲು ಕಂಡದ್ದು ಮೊದಲ ವರ್ಷದ ತರಗತಿಯಲ್ಲಿ. ಹಾಜರಿ ಕರೆಯದೆ ನೇರವಾಗಿ, "ನಿಮಗೆ ಹಸಿವಾಗೋದು ಹೊಟ್ಟೆ ಖಾಲಿ ಆದಾಗಲೋ, ಊಟದ ಹೊತ್ತು ಆದಾಗಲೋ?" ಎಂದು ಕೇಳಿದರು. ನೂರಿಪ್ಪತ್ತು ಜನರಲ್ಲಿ ನೂರು ಜನ ಹೊಟ್ಟೆಯ ಕಡೆ ಕೈಯೆತ್ತಿದರು. "ಹಾಗಾದ್ರೆ ರಾತ್ರಿ ಊಟ ಮಾಡಿ ಬೆಳಿಗ್ಗೆ ಏಳೋವರೆಗೆ ಹತ್ತು ಗಂಟೆ ಹೊಟ್ಟೆ ಖಾಲಿ ಇರುತ್ತೆ. ಹಸಿದು ಯಾಕೆ ಎದ್ದು ಕೂರಲ್ಲ?" ಎಂದರು. ಉತ್ತರವನ್ನು ಹೇಳಲಿಲ್ಲ. ಎಲ್ಲರ ಕೈಗೂ ಒಂದೊಂದು ಥರ್ಮಾಮೀಟರ್ ಕೊಟ್ಟು, ಎಚ್ಚರವಿರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಬಾಯಿಯ ಶಾಖ ಬರೆದುಕೊಂಡು ಬನ್ನಿ ಎಂದು ಕಳಿಸಿಬಿಟ್ಟರು. ಮರುದಿನ ಕಪ್ಪುಹಲಗೆಯ ಮೇಲೆ ನಮ್ಮೆಲ್ಲರ ಅಂಕಿಗಳನ್ನು ಬರೆದಾಗ, ಒಬ್ಬರನ್ನೊಬ್ಬರು ಕೇಳದೆ ನೂರಿಪ್ಪತ್ತು ದೇಹಗಳೂ ಮುಂಜಾನೆ ತಣ್ಣಗಾಗಿ, ಸಂಜೆ ಬೆಚ್ಚಗಾಗಿದ್ದವು. ನನ್ನ ದೇಹದೊಳಗೆ ನನಗೆ ತಿಳಿಯದ ಒಂದು ಆಡಳಿತ ನಡೆಯುತ್ತಿದೆ ಎಂದು ಅಂದು ತಿಳಿದು ನಿಜವಾಗಿಯೂ ಮೈ ಜುಮ್ಮೆಂದಿತು.

ಪೀನಿಯಲ್ ಗ್ರಂಥಿಯ ಬಗ್ಗೆ ಅವರು ಮಾಡಿದ ಪಾಠವನ್ನು ನಾನು ಇಂದಿಗೂ ಕದ್ದು ಮಾಡುತ್ತೇನೆ. ಈ ಸಂಪುಟ ಓದುವ ನನ್ನ ವಿದ್ಯಾರ್ಥಿಗಳು ಕ್ಷಮಿಸಬೇಕು. ಮಿದುಳಿನ ನಟ್ಟನಡುವೆ, ಬಟಾಣಿಗಿಂತ ಚಿಕ್ಕದಾದ ಒಂದು ಗ್ರಂಥಿ. "ಓತಿಕ್ಯಾತ ನೋಡಿದ್ದೀರಾ? ಅದರ ನೆತ್ತಿ ಮೇಲೆ ಒಂದು ಚುಕ್ಕೆ ಇರುತ್ತೆ, ಅದು ಬೆಳಕನ್ನ ನೇರವಾಗಿ ಹಿಡಿಯುತ್ತೆ. ನಮ್ಮ ಪೀನಿಯಲ್ ಆ ವಂಶದ್ದೇ. ಆದರೆ ನಮ್ಮದು ಮಿದುಳಿನ ಆಳಕ್ಕೆ ಇಳಿದು ಕೂತುಬಿಟ್ಟಿದೆ, ಅಲ್ಲಿ ಬೆಳಕಿಲ್ಲ. ಈಗ ಅದಕ್ಕೆ ಹೊರಗೆ ಕತ್ತಲಾಯ್ತು ಅಂತ ಹೇಳೋರು ಯಾರು?" ಎಂದು ಶುರುಮಾಡುತ್ತಿದ್ದರು. ಹೇಳುವುದು ಕಣ್ಣು. ಆದರೆ ನೇರವಾಗಿ ಹೇಳುವುದಿಲ್ಲ. ಕಣ್ಣಿನಿಂದ ಹೊರಟ ಸುದ್ದಿ ಮೊದಲು ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲಿರುವ ಸಣ್ಣದೊಂದು ಜೋಡಿ ಕೋಶಗುಂಪಿಗೆ ಹೋಗುತ್ತದೆ. ದೇಹದ ಮುಖ್ಯ ಗಡಿಯಾರ ಅದು. ಅಲ್ಲಿಂದ ಬೆನ್ನುಹುರಿಗಿಳಿದು, ಕುತ್ತಿಗೆಯಲ್ಲಿ ತಿರುಗಿ, ಮತ್ತೆ ತಲೆಗೇರಿ ಪೀನಿಯಲ್ ತಲುಪುತ್ತದೆ. ಸುತ್ತಿ ಬಳಸಿ ಮೂಗು ಹಿಡಿಯುವುದೆಂದರೆ ಇದೇ. ಕತ್ತಲಾಯಿತೆಂಬ ಸುದ್ದಿ ಬಂದರೆ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ; ಬೆಳಕು ಬಿತ್ತೆಂದರೆ ನಿಲ್ಲಿಸುತ್ತದೆ.

"ಅಂದರೆ ಅದು ನಿದ್ದೆಯ ಔಷಧ" ಎಂದು ನಮ್ಮಲ್ಲಿ ಯಾರೋ ಜಾಣತನ ತೋರಿಸಿದರು. ಮೇಡಂ ಕಣ್ಣು ಅರಳಿತು. ತಪ್ಪು ಉತ್ತರ ಸಿಕ್ಕರೆ ಅವರಿಗೆ ಆಗುತ್ತಿದ್ದ ಸಂತೋಷ ಸರಿಯುತ್ತರಕ್ಕೆ ಆಗುತ್ತಿರಲಿಲ್ಲ. "ಇಲಿ ರಾತ್ರಿಯೆಲ್ಲ ಓಡಾಡುತ್ತಲ್ಲ? ಅದಕ್ಕೂ ಮೆಲಟೋನಿನ್ ಏರೋದು ರಾತ್ರೀನೇ. ಅದು ನಿದ್ದೆ ಮಾಡು ಅಂತ ಹೇಳಲ್ಲಪ್ಪ. ರಾತ್ರಿ ಆಯ್ತು ಅಂತ ಡಂಗುರ ಹೊಡೆಯುತ್ತೆ, ಅಷ್ಟೆ. ಮಲಗೋದೋ, ಕಾಳು ಕದಿಯೋಕೆ ಹೊರಡೋದೋ, ಅದು ಅವರವರ ಜಾತಕ" ಎಂದರು. ಈ ಶಾಸ್ತ್ರದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಆ ಕ್ಷಣದಲ್ಲಿ.

ನಾನು ಬೆಳಿಗ್ಗೆ ಎಂಟರ ತರಗತಿಯಲ್ಲಿ ತೂಕಡಿಸುತ್ತಿದ್ದೆ. ಉಳಿದ ಅಧ್ಯಾಪಕರು ಸೀಮೆಸುಣ್ಣ ಎಸೆಯುತ್ತಿದ್ದರು. ಮೇಡಂ ಮಾತ್ರ ಕರೆದು, ಎಷ್ಟು ಹೊತ್ತಿಗೆ ಮಲಗುತ್ತೀ, ರಜೆಯಲ್ಲಿ ಎಷ್ಟು ಹೊತ್ತಿಗೆ ಏಳುತ್ತೀ ಎಂದು ಇಪ್ಪತ್ತು ಪ್ರಶ್ನೆ ಕೇಳಿ, "ನೀನು ಸೋಮಾರಿ ಅಲ್ಲ, ಗೂಬೆ" ಎಂದು ತೀರ್ಪು ಕೊಟ್ಟರು. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಜಾತಿ, ಕೋಳಿ ಮತ್ತು ಗೂಬೆ; ತಾವು ಕೋಳಿ. ಅಂತಿಮ ವರ್ಷ ನನ್ನ ಮೌಖಿಕ ಪರೀಕ್ಷೆ ಬೆಳಿಗ್ಗೆ ಏಳೂವರೆಗೆ ಬಿದ್ದಾಗ, ಇನ್ನೊಬ್ಬ ಕೋಳಿ ವಿದ್ಯಾರ್ಥಿಯೊಡನೆ ಮಾತಾಡಿ, ಹೊರಗಿನ ಪರೀಕ್ಷಕರನ್ನು ಒಪ್ಪಿಸಿ, ನನ್ನ ಸರದಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿದರು. ನನಗೆ ಹೇಳಿದ್ದು ಇಷ್ಟೇ: "ಉಪಕಾರ ಅಂದ್ಕೋಬೇಡ, ಇದೂ ಒಂದು ಪ್ರಯೋಗ."

ನವಜಾತ ಶಿಶುಗಳ ವಾರ್ಡಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಉರಿಯುತ್ತಿದ್ದ ದೀಪಗಳ ವಿರುದ್ಧ ಅವರು ನಡೆಸಿದ ಹೋರಾಟವನ್ನು ಹಿರಿಯ ಸಿಸ್ಟರ್ ಒಬ್ಬರು ಇದೇ ಸಂಪುಟದಲ್ಲಿ ಬರೆದಿದ್ದಾರೆಂದು ತಿಳಿದೆ. ನಾನು ಒಂದೇ ಮಾತು ಸೇರಿಸುತ್ತೇನೆ. ಮೇಡಂ ಅಲ್ಲಿ ಆಜ್ಞೆ ಮಾಡಲಿಲ್ಲ. ದೀಪ ಆರಿಸಿದರೆ ಸೂಜಿ ಹಾಕುವುದು ಹೇಗೆಂದು ಸಿಸ್ಟರ್‌ಗಳು ಜಗಳಕ್ಕೆ ಬಂದಾಗ ಮೂರು ರಾತ್ರಿ ಅವರ ಜೊತೆಗೇ ಕೂತು, ಯಾವ ಕೆಲಸಕ್ಕೆ ಎಷ್ಟು ಬೆಳಕು ಬೇಕೆಂದು ಪಟ್ಟಿ ಮಾಡಿ, ಕೊನೆಗೆ ಪ್ರತಿ ತೊಟ್ಟಿಲಿಗೊಂದು ದಪ್ಪ ಬಟ್ಟೆಯ ಮುಸುಕು ಹೊಲಿಸಿದರು. ಕೂಸುಗಳಿಗೆ ರಾತ್ರಿ ಸಿಕ್ಕಿತು, ಸಿಸ್ಟರ್‌ಗಳಿಗೆ ದೀಪ ಉಳಿಯಿತು.

ಇನ್ನು ನನ್ನ ಕಥೆ.

ಡಾಕ್ಟರಾದ ಮೇಲೆ ಸ್ನಾತಕೋತ್ತರ ಓದಿಗೆಂದು ನಾನು ಸೇರಿದ ಮೇಡಂ ಪ್ರಯೋಗಾಲಯದಲ್ಲಿ ಒಂದು ಕಟ್ಟುಪಾಡಿತ್ತು. ಮೆಲಟೋನಿನ್ ಅಳೆಯಲು ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಅರ್ಧ ಗಂಟೆಗೊಮ್ಮೆ ಎಂಜಲು ತೆಗೆದುಕೊಳ್ಳಬೇಕು. ಬಂದವರು ಹತ್ತಿಯ ಸುರುಳಿ ಜಗಿದು ಸಣ್ಣ ಕೊಳವೆಗೆ ಹಾಕುತ್ತಾರೆ. ನಾವು ಅದರ ಮೇಲೆ ಹೊತ್ತು ಬರೆದು ಶೈತ್ಯಪೆಟ್ಟಿಗೆಯಲ್ಲಿಡುತ್ತೇವೆ. ಅಷ್ಟೂ ಹೊತ್ತು ಕೋಣೆಯಲ್ಲಿ ಮಂದವಾದ ಒಂದು ಕೆಂಪು ದೀಪ ಬಿಟ್ಟು ಬೇರೇನೂ ಉರಿಯಕೂಡದು. ದಾಖಲೆಯ ಹಾಳೆಯಲ್ಲಿ ಹೊತ್ತಿನ ಪಕ್ಕದಲ್ಲಿ 'ದೀಪ' ಎಂದೊಂದು ಕಾಲಂ. ಪ್ರತಿ ಸಲವೂ ತಲೆಯೆತ್ತಿ ನೋಡಿ, ಯಾವ ದೀಪ ಉರಿಯುತ್ತಿದೆ ಎಂದು ಆಗಲೇ ಬರೆಯಬೇಕು. ಒಂದು ಸಂಜೆಗೆ ಹದಿಮೂರು ಸಲ. ನಮಗೆಲ್ಲ ಅದು ತಲೆನೋವು. ನಾವು ಅದನ್ನು 'ಮೇಡಂ ಅವರ ದೀಪಾರಾಧನೆ' ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ಆಗ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಬ್ಬ ಆಪರೇಟರ್ ಇದ್ದರು. ಕಣ್ಣಿನ ಪರದೆಯ ಕಾಯಿಲೆಯಿಂದ ಇಪ್ಪತ್ತೆರಡನೆಯ ವಯಸ್ಸಿಗೇ ನೋಟ ಪೂರ್ತಿ ಹೋಗಿತ್ತು. ಟಾರ್ಚ್ ಹಿಡಿದರೂ ಬೆಳಕಿದೆ ಎಂದು ತಿಳಿಯುತ್ತಿರಲಿಲ್ಲ. ನಾನೂರು ನಂಬರು ಬಾಯಿಪಾಠ. 'ಹಲೋ' ಅಂದರೆ ಸಾಕು, ಯಾವ ವಾರ್ಡಿನ ಯಾವ ಡಾಕ್ಟರು, ಇವತ್ತು ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತಿದ್ದರು. ಅವರ ಎಡಗಣ್ಣಿಗೆ ಮೇಲಿಂದ ಮೇಲೆ ಹುಣ್ಣಾಗಿ ಸಹಿಸಲಾಗದ ನೋವು. ಬಲಗಣ್ಣೂ ಆಗಾಗ ಕೆಂಪಾಗುತ್ತಿತ್ತು. ಕಣ್ಣಿನ ಸರ್ಜನ್ ಪರೀಕ್ಷಿಸಿ, ಎಡಗಣ್ಣು ತೆಗೆಯಲೇಬೇಕು, ಬಲಗಣ್ಣಿನ ಗತಿಯೂ ಇಂದಲ್ಲ ನಾಳೆ ಅದೇ, ಎರಡನ್ನೂ ಒಟ್ಟಿಗೇ ತೆಗೆದು ಒಂದೇ ಬಣ್ಣದ ಕೃತಕ ಕಣ್ಣು ಕೂರಿಸಿದರೆ ಮುಖವೂ ಲಕ್ಷಣವಾಗಿರುತ್ತದೆ ಎಂದಿದ್ದರು. ಆಪರೇಟರ್ ಸಂತೋಷದಿಂದಲೇ ಒಪ್ಪಿದ್ದರು.

ಮೇಡಂ ಯಾವುದೋ ನಂಬರಿಗೆಂದು ಎಕ್ಸ್‌ಚೇಂಜಿಗೆ ಫೋನ್ ಮಾಡಿದಾಗ ಈ ಸುದ್ದಿ ತಿಳಿಯಿತು. "ಕೆಲಸ ಮಾಡದೆ ಸಂಬಳ ತಗೊಳ್ಳೋ ನೌಕರರ ಹಾಗೆ ಮೇಡಂ ಇವು. ನೋಟ ಇಲ್ಲ, ನೋವು ಮಾತ್ರ ತಪ್ಪಲ್ಲ. ಇಬ್ಬರನ್ನೂ ಒಟ್ಟಿಗೇ ಮನೆಗೆ ಕಳಿಸೋಣ ಅಂತಿದ್ದೀನಿ" ಎಂದು ಆಪರೇಟರ್ ನಕ್ಕರಂತೆ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದರು. ಮೇಡಂ ಕೇಳಿದ್ದು ಬೇರೆಯೇ.

"ನಿಮಗೆ ನಿದ್ದೆ ಹೇಗೆ ಬರುತ್ತೆ?"

"ನಿದ್ದೆನಾ? ಹತ್ತಕ್ಕೆ ತಲೆ ಹಾಕಿದ್ರೆ ಐದೂವರೆಗೆ ಎಚ್ಚರ. ಅಲಾರಂ ಬೇಡ. ನನ್ನ ಹೆಂಡತಿ ನನ್ನನ್ನ ನೋಡ್ಕೊಂಡೇ ಒಲೆ ಹಚ್ಚೋದು."

"ವರ್ಷವಿಡೀ ಹೀಗೇನಾ? ಕೆಲವು ವಾರ ಹಗಲೆಲ್ಲ ತೂಕಡಿಕೆ, ರಾತ್ರಿ ಎಚ್ಚರ, ಹಾಗೆ ಏನೂ ಇಲ್ವಾ?"

"ಇಲ್ಲ ಮೇಡಂ. ಯಾಕೆ?"

ಏಕೆಂದರೆ, ನಮ್ಮೊಳಗಿನ ಗಡಿಯಾರದ ದಿನ ಸರಿಯಾಗಿ ಇಪ್ಪತ್ತನಾಲ್ಕು ಗಂಟೆಯದ್ದಲ್ಲ. ಬಹುಮಂದಿಯಲ್ಲಿ ಕೆಲವು ನಿಮಿಷ ಹೆಚ್ಚು. ಪ್ರತಿದಿನ ಬೆಳಕು ಕಣ್ಣಿಗೆ ಬಿದ್ದು ಅದನ್ನು ಸರಿಪಡಿಸುತ್ತದೆ. ಬೆಳಕಿನ ಸುದ್ದಿಯೇ ತಲುಪದ ಕುರುಡರಲ್ಲಿ ಗಡಿಯಾರ ದಿನದಿನವೂ ಹಿಂದೆ ಬೀಳುತ್ತ ಹೋಗಿ, ಕೆಲವು ವಾರಗಳಲ್ಲಿ ಅವರ ರಾತ್ರಿ ನಮ್ಮ ಹಗಲಿಗೆ ಬಂದು ನಿಲ್ಲುತ್ತದೆ. ಮತ್ತೆ ಸುತ್ತಿ ಸರಿಹೋಗಿ, ಮತ್ತೆ ತಪ್ಪುತ್ತದೆ. ಇಡೀ ಬದುಕು ಹೀಗೆ ಏಗುವವರಿದ್ದಾರೆ. ಈ ಮನುಷ್ಯನಿಗೆ ಹಾಗಾಗುತ್ತಿಲ್ಲ. ಹಾಗಾದರೆ ನೋಟ ಸತ್ತ ಆ ಕಣ್ಣು ಇನ್ನೂ ಹಗಲು ರಾತ್ರಿಯ ಸುದ್ದಿ ಒಳಗೆ ಕಳಿಸುತ್ತಿರಬಹುದೇ? ನೋಡುವ ಕೋಶಗಳು ಬೇರೆ, ಬೆಳಕಿನ ಲೆಕ್ಕವಿಡುವ ಕೋಶಗಳು ಬೇರೆ ಎಂಬ ವಿಚಾರ ಆಗಷ್ಟೇ ಪತ್ರಿಕೆಗಳಲ್ಲಿ ಬರುತ್ತಿತ್ತು. ಎರಡೂ ಕಣ್ಣು ತೆಗೆದರೆ ಆ ಸುದ್ದಿ ಶಾಶ್ವತವಾಗಿ ನಿಲ್ಲುತ್ತದೆ. ಮೇಡಂ ಸರ್ಜನ್ ಅವರ ಬಳಿ ಹೋಗಿ ಮೂರು ವಾರ ಸಮಯ ಕೇಳಿದರು. "ಕಾಣದ ಕಣ್ಣಿಗೆ ಬೆಳಕಿನ ಪರೀಕ್ಷೆನಾ?" ಎಂದು ಅವರು ಹುಬ್ಬೇರಿಸಿದರೂ, "ತೋರಿಸಿ, ನೋಡೋಣ" ಎಂದರು.

ಅಷ್ಟರಲ್ಲಿ ಮೇಡಂ ಪರೀಕ್ಷಕರಾಗಿ ಹತ್ತು ದಿನ ಹೊರಗೆ ಹೋಗಬೇಕಾಯಿತು. ಮೊದಲ ಸಂಜೆಯ ಅಳತೆಯನ್ನು ನನಗೆ ಒಪ್ಪಿಸಿ, ನಾನು ಬರುವವರೆಗೆ ಯಾರಿಗೂ ಏನೂ ಹೇಳಬೇಡ ಎಂದು ಹೇಳಿ ಹೋದರು. ಆಪರೇಟರ್ ಐದಕ್ಕೆ ಸರಿಯಾಗಿ ಕೋಲೂರಿಕೊಂಡು ಬಂದರು. "ಜನ ಊಟಕ್ಕೆ ಕರೀತಾರೆ, ನೀವು ಉಗುಳೋಕೆ ಕರೆದಿದ್ದೀರಿ" ಎಂದು ತಮಾಷೆ ಮಾಡುತ್ತ ಕುರ್ಚಿಯಲ್ಲಿ ಕೂತರು. ನಾನು ಕೆಂಪು ದೀಪ ಹಚ್ಚಿದೆ. ಆ ಬೆಳಕಿನಲ್ಲಿ ಮೊದಲ ಕೊಳವೆಯ ಮೇಲಿನ ಅಂಕಿಯೇ ಕಾಣದೆ ಕಣ್ಣು ಕಿರಿದು ಮಾಡಿಕೊಂಡು ಎರಡು ಸಲ ತಪ್ಪು ಬರೆದೆ. ಆಗ ನನಗೆ ಒಂದು ಮಹಾ ಬುದ್ಧಿ ಹೊಳೆಯಿತು: ಇವರಿಗೆ ಕಣ್ಣೇ ಕಾಣುವುದಿಲ್ಲ. ಇವರಿಗೆ ಕೆಂಪಾದರೇನು, ಬಿಳಿಯಾದರೇನು? ಎದ್ದು ಹೋಗಿ ಅವರ ನೆತ್ತಿಯ ಮೇಲಿನ ಎರಡೂ ಟ್ಯೂಬ್‌ಲೈಟ್ ಹಾಕಿದೆ. ಕೈಯಲ್ಲಿ ಪತ್ತೇದಾರಿ ಕಾದಂಬರಿಯೂ ಇತ್ತು, ಅದನ್ನೂ ಓದಿಕೊಂಡೆ. ಹನ್ನೊಂದಕ್ಕೆ ಎಲ್ಲ ಮುಗಿದ ಮೇಲೆ ದೀಪದ ಕಾಲಂನಲ್ಲಿ ಮೇಲೆ ಒಂದು ಸಲ 'ಮಂದ' ಎಂದು ಬರೆದು ಕೆಳಗೆ ಹನ್ನೆರಡು ಸಲ ಅದೇ ಗುರುತು ಎಳೆದೆ.

ಫಲಿತಾಂಶ ಬಂದಾಗ ಗೆರೆ ನೆಲಕ್ಕಂಟಿಕೊಂಡು ಮಲಗಿತ್ತು. ಸಾಮಾನ್ಯರಲ್ಲಿ ಎಂಟೂವರೆ ಒಂಬತ್ತರ ಹೊತ್ತಿಗೆ ಏರಬೇಕಾದ ಮೆಲಟೋನಿನ್ ಇವರಲ್ಲಿ ಹನ್ನೊಂದಾದರೂ ಏರಿರಲಿಲ್ಲ. ನಾನು ಪಂಡಿತನ ಹಾಗೆ ಬರೆದೆ: ಇವರ ದೇಹದ ರಾತ್ರಿ ಬೇರೆಲ್ಲೋ ಅಲೆಯುತ್ತಿದೆ, ಕಣ್ಣು ಯಾವ ಸುದ್ದಿಯನ್ನೂ ಕೊಡುತ್ತಿಲ್ಲ, ಹತ್ತಕ್ಕೆ ಮಲಗುವುದು ಬರೀ ಅಭ್ಯಾಸಬಲ. ಕಾರಿಡಾರಿನಲ್ಲಿ ಸರ್ಜನ್ ಎದುರಾಗಿ ಏನಾಯಿತೆಂದು ಕೇಳಿದಾಗ ಬಾಯಿ ಕಟ್ಟಿಕೊಳ್ಳಲಾಗದೆ ಹೇಳಿಯೂಬಿಟ್ಟೆ, ಕಾಗದವನ್ನೂ ಕೊಟ್ಟೆ. ದೊಡ್ಡ ಡಾಕ್ಟರು ನನ್ನ ಬೆನ್ನು ತಟ್ಟಿದರು. ಮುಂದಿನ ಸೋಮವಾರಕ್ಕೆ ಎರಡೂ ಕಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಯಿತು.

ಮೇಡಂ ಬುಧವಾರ ಬಂದರು. ಗೆರೆಯನ್ನು ನೋಡಿದರು, ದೀಪದ ಕಾಲಂ ನೋಡಿದರು, ಮತ್ತೆ ಗೆರೆ ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೂ ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬಂತೆ, ನನ್ನ ಕೈಬರಹಕ್ಕೆ ನಾನೇ ಸಾಕ್ಷಿ ನುಡಿಯುತ್ತಿದ್ದೆ. ಆಪರೇಟರ್‌ಗೆ ಹೇಳಿಕಳಿಸಿ, ಎದುರಿಗೆ ಕೂರಿಸಿಕೊಂಡು, "ಆ ಸಂಜೆ ಕೋಣೆ ಹೇಗಿತ್ತು? ಮೊದಲಿಂದ ಹೇಳಿ" ಎಂದರು.

"ತಣ್ಣಗಿತ್ತು ಮೇಡಂ. ಫ್ಯಾನಿನ ಒಂದು ರೆಕ್ಕೆ ಸಡಿಲ, ಟಕ್ ಟಕ್ ಅಂತಿತ್ತು. ಡಾಕ್ಟ್ರು ಪುಸ್ತಕದ ಹಾಳೆ ತಿರುವ್ತಾ ಇದ್ರು. ತಲೆ ಮೇಲೆ ಎರಡು ಚೋಕ್ ಗುಂಯ್ ಅಂತಿದ್ವು. ಒಂದರ ಶ್ರುತಿ ಇನ್ನೊಂದಕ್ಕಿಂತ ಸ್ವಲ್ಪ ಕೆಳಗೆ."

"ಚೋಕ್? ಟ್ಯೂಬ್‌ಲೈಟಿನದ್ದಾ?"

"ಹೂಂ. ಹೋಗಿ ಬನ್ನಿ ಅಂದ ಮೇಲೇ ಡಾಕ್ಟ್ರು ಟಿಕ್ ಅಂತ ಆರಿಸಿದ್ದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನಗೆ ಹೆಗಲು ಮುಟ್ಟಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ. "ಹೌದು ಮೇಡಂ, ಹಾಕಿದ್ದೆ. ಇವರಿಗೆ ಕಾಣಲ್ಲ ಅಂತ" ಎಂದು ತೊದಲಿದೆ. ಇವತ್ತಿಗೆ ನನ್ನ ಓದು ಮುಗಿಯಿತು ಎಂದುಕೊಂಡು ನಿಂತೆ.

ಮೇಡಂ ಮುಖದಲ್ಲಿ ಸಿಟ್ಟು ಬಂದದ್ದನ್ನು ಕಂಡೆ. ಆದರೆ ಅದು ಅರ್ಧ ದಾರಿಯಲ್ಲೇ ನಿಂತುಹೋಯಿತು. ಅವರು ಹಾಳೆಯನ್ನು ಕೈಗೆತ್ತಿಕೊಂಡು, ನನ್ನನ್ನೂ ಆಪರೇಟರನ್ನೂ ಮರೆತವರಂತೆ ತಮಗೆ ತಾವೇ ಹೇಳಿಕೊಂಡರು: "ಆರು ಗಂಟೆ ದೀಪ ಉರಿದಿದೆ. ಆರು ಗಂಟೆಯೂ ಮೆಲಟೋನಿನ್ ಏರಿಲ್ಲ. ಹಾಗಾದ್ರೆ... ಯಾರಿಗೋ ದೀಪ ಕಾಣಿಸಿದೆ." ಆಮೇಲೆ ನನ್ನ ಕಡೆ ತಿರುಗಿ, "ಬೈಗುಳ ಆಮೇಲೆ ಕೊಡ್ತೀನಿ, ನೆನಪು ಮಾಡು. ಈಗ ಕೊಳವೆ ತೊಳಿ" ಎಂದರು.

ಆಪರೇಟರ್ ಕೋಲು ಕೆಳಗಿಟ್ಟು, "ಮೇಡಂ, ನನ್ನ ಕಣ್ಣು ನನಗೆ ತೋರಿಸದೇ ಇರೋದನ್ನ ಯಾರಿಗೆ ತೋರಿಸ್ತಿದೆ?" ಎಂದು ಕೇಳಿದರು. ನಗುತ್ತ ಕೇಳಿದ್ದಲ್ಲ. ಮೇಡಂ ಅವರ ಕೈ ಹಿಡಿದುಕೊಂಡು, ಗ್ರಂಥಿಯ ವಿಷಯವನ್ನು ನಮಗೆ ಮಾಡುವ ಪಾಠಕ್ಕಿಂತ ನಿಧಾನವಾಗಿ, ಅವರ ಬೆರಳನ್ನೇ ಅವರ ಹಣೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ನೆತ್ತಿಗೆ ಓಡಿಸುತ್ತ ವಿವರಿಸಿದರು. ಇದು ನಮ್ಮ ಊಹೆ ಮಾತ್ರ, ತಪ್ಪಿರಬಹುದು ಎಂದೂ ಹೇಳಿದರು.

ಉಳಿದದ್ದು ನಾಲ್ಕು ದಿನ. ಗುರುವಾರ ಸಂಜೆ ಆಪರೇಟರನ್ನು ನಿಜವಾದ ಕತ್ತಲೆಯಲ್ಲಿ ಕೂರಿಸಿದೆವು. ಹತ್ತಕ್ಕೆ ದೀಪ ಹಾಕಿ ಹನ್ನೊಂದೂವರೆವರೆಗೆ ಬಿಟ್ಟೆವು. ಶುಕ್ರವಾರವೂ ಹಾಗೆಯೇ, ಆದರೆ ಅಂದು ಅವರ ಎರಡೂ ಕಣ್ಣಿಗೆ ದಪ್ಪನೆಯ ಕಪ್ಪು ಬಟ್ಟೆ ಕಟ್ಟಿದ್ದೆವು. ದೀಪದ ಕಾಲಂನ ಪ್ರತಿ ಸಾಲನ್ನೂ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತುಂಬಿದೆ. ಶನಿವಾರವೆಲ್ಲ ಮೇಡಂ ಮತ್ತು ನಾನು ಅಳತೆಗೆ ಕೂತೆವು. ಭಾನುವಾರ ಮಧ್ಯಾಹ್ನ ಅಂಕಿಗಳು ಒಂದೊಂದೇ ಬಂದವು. ಮೇಡಂ ಓದುತ್ತ ಹೋದರು, ನಾನು ಚುಕ್ಕೆ ಇಡುತ್ತ ಹೋದೆ. ಎಂಟೂವರೆಗೆ ಏರತೊಡಗಿತ್ತು. ಒಂಬತ್ತಕ್ಕೆ ಇನ್ನೂ ಮೇಲೆ. ಹತ್ತಕ್ಕೆ ನನ್ನದೂ ನಿಮ್ಮದೂ ಇರುವಷ್ಟೇ ಎತ್ತರ. ಗುರುವಾರದ ಗೆರೆ ದೀಪ ಹಾಕಿದ ಮೇಲೆ ಬಾವಿಗಿಳಿದಂತೆ ಇಳಿದಿತ್ತು. ಬಟ್ಟೆ ಕಟ್ಟಿದ ಶುಕ್ರವಾರದ ಗೆರೆ ಎಷ್ಟು ಏರಿತ್ತೋ ಅಲ್ಲೇ ನಿಂತಿತ್ತು. ಮೇಡಂ ಅಂಕಿಗಳ ಹಾಳೆ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡರು. ನಾನು ಅತ್ತೆನೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಸರ್ಜನ್ ಅವರ ಮನೆಗೆ ಅಂದೇ ಸಂಜೆ ಹೋದೆವು. ಮೊದಲ ಕಾಗದ ಸುಳ್ಳೆಂದು ಹೇಳಬೇಕಾದವನು ನಾನು; ಮೇಡಂ ಬಾಗಿಲ ಬಳಿಯೇ ನನ್ನನ್ನು ಮುಂದೆ ಬಿಟ್ಟರು. ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆಮೇಲೆ ಎರಡು ಗೆರೆಗಳನ್ನೂ ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿ, "ಮೂವತ್ತು ವರ್ಷದಿಂದ ಕಣ್ಣು ನೋಡ್ತಿದ್ದೀನಿ. ಕಣ್ಣಿಗೆ ಈ ಕೆಲಸಾನೂ ಇದೆ ಅಂತ ನನಗೆ ಗೊತ್ತಿರಲಿಲ್ಲ" ಎಂದರು. ಆ ಮನುಷ್ಯನ ದೊಡ್ಡತನ ಅದು. ಸೋಮವಾರ ನೋವಿನ ಎಡಗಣ್ಣನ್ನು ಮಾತ್ರ ತೆಗೆದರು. ಬಲಗಣ್ಣಿನ ಕೆಂಪಿಗೆ ಔಷಧ ಕೊಟ್ಟು ಉಳಿಸಿಕೊಂಡರು. ಅಂದಿನಿಂದ ನಮ್ಮ ಆಸ್ಪತ್ರೆಯಲ್ಲಿ ಕುರುಡರ ಕಣ್ಣು ತೆಗೆಯುವ ಮೊದಲು ಅವರ ನಿದ್ದೆಯ ಬಗ್ಗೆ ಕೇಳುವುದು ನಿಯಮವಾಗಿದೆ.

ಬಾಕಿಯಿದ್ದ ಬೈಗುಳವನ್ನು ಎರಡು ವಾರ ಬಿಟ್ಟು ನಾನೇ ಹೋಗಿ ನೆನಪು ಮಾಡಿದೆ. ಮೇಡಂ ದಾಖಲೆ ಪುಸ್ತಕ ತೆರೆದು, ನನ್ನ ಹದಿಮೂರು ಸುಳ್ಳುಗಳ ಪಕ್ಕದಲ್ಲಿ ನಿಜ ಬರೆಸಿ, ದಿನಾಂಕ ಹಾಕಿಸಿ ಸಹಿ ತೆಗೆದುಕೊಂಡರು. ಆಮೇಲೆ ಹೇಳಿದರು: "ನೋಡದೇ ಇದ್ದಿದ್ರೆ ಖಾಲಿ ಬಿಡಬಹುದಿತ್ತು. ಖಾಲಿ ಜಾಗ ಯಾರ ಕಣ್ಣನ್ನೂ ಕೀಳಲ್ಲ." ಅಷ್ಟೇ. ಮುಂದೆ ಆ ಸಂಶೋಧನೆ ಪ್ರಕಟವಾದಾಗ ಮೊದಲ ಸಂಜೆಯ ವಿಷಯವನ್ನು ಅವರು ಮುಚ್ಚಿಡಲಿಲ್ಲ. ಸಹಾಯಕನ ತಪ್ಪಿನಿಂದ ದೀಪ ಉರಿದಿತ್ತು, ಆ ತಪ್ಪಿನಿಂದಲೇ ಪ್ರಶ್ನೆ ಹುಟ್ಟಿತು ಎಂದು ಸ್ಪಷ್ಟವಾಗಿ ಬರೆದು, ಲೇಖಕರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿದರು. ತಪ್ಪು ಮಾಡಿದವನನ್ನು ಹೊರಗೆ ಹಾಕುವುದಕ್ಕೆ ಬದಲು, ತಪ್ಪಿನ ಜೊತೆಗೇ ಒಳಗೆ ಉಳಿಸಿಕೊಂಡ ಗುರುಗಳನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆ ಬಳಿಕದ ಎರಡು ದಶಕಗಳಲ್ಲಿ ಮೇಡಂ ಪ್ರಾಧ್ಯಾಪಕರಾದರು, ಮುಖ್ಯಸ್ಥರಾದರು. ಪಾಳಿಯಲ್ಲಿ ದುಡಿಯುವ ಸಿಸ್ಟರ್‌ಗಳ ಬಗ್ಗೆ, ಹದಿಹರೆಯದವರ ತಡನಿದ್ದೆಯ ಬಗ್ಗೆ, ಮುಪ್ಪಿನಲ್ಲಿ ಮೆಲಟೋನಿನ್ ಕುಗ್ಗುವುದರ ಬಗ್ಗೆ ಅವರು ಮಾಡಿದ ಕೆಲಸವನ್ನು ಬಲ್ಲವರು ಈ ಸಂಪುಟದಲ್ಲೇ ಬೆಲೆಕಟ್ಟಿದ್ದಾರೆ. ನಾನು ಮಾತ್ರ ಇದನ್ನು ಬರೆಯುವ ಮುನ್ನ ನಿವೃತ್ತರಾಗಿ ಹಲವು ವರ್ಷಗಳಾಗಿರುವ ಆ ಆಪರೇಟರ್‌ಗೆ ಫೋನ್ ಮಾಡಿದೆ. ಇಂದಿಗೂ ಹತ್ತಕ್ಕೆ ಮಲಗಿ ಐದೂವರೆಗೆ ಏಳುತ್ತಾರೆ. ಮೇಡಂ ಬಗ್ಗೆ ನೀವೂ ಎರಡು ಮಾತು ಹೇಳಿ, ಬರೆದುಕೊಳ್ಳುತ್ತೇನೆ ಎಂದೆ.

"ಕುರುಡನಿಗೆ ಬೆಳಕು ಕೊಟ್ಟರು ಅಂತ ಮಾತ್ರ ಬರೀಬೇಡಿ ಡಾಕ್ಟ್ರೇ. ಅವರು ಕೊಡಲಿಲ್ಲ. ಅದು ನನ್ನ ಹತ್ರಾನೇ ಇತ್ತು, ನನಗೇ ಗೊತ್ತಿರಲಿಲ್ಲ. ಎಷ್ಟೋ ಜನ ದೊಡ್ಡವರು ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ್ರು. ನಿದ್ದೆ ಹೇಗೆ ಬರುತ್ತೆ ಅಂತ ಕೇಳಿದ್ದು ಅವರೊಬ್ಬರೇ."

ಮೇಡಂ ಅವರಿಗೆ ದೀರ್ಘಾಯುಷ್ಯ, ಆರೋಗ್ಯಗಳನ್ನು ಹಾರೈಸುವುದು ಶಿಷ್ಯನಾದ ನನ್ನ ಧರ್ಮ, ಮನಸಾರೆ ಹಾರೈಸುತ್ತೇನೆ. ನಾಳೆಯಿಂದ ಸಹಿ ಹಾಕುವ ಕಾಟವಿಲ್ಲದ ಅವರಿಗೆ ಓದಲು, ಅಳೆಯಲು, ಜಗಳವಾಡಲು ಹಗಲುಗಳು ಬೇಕಾದಷ್ಟು ಸಿಗಲಿ. ಮತ್ತು ಎಲ್ಲರೂ ಉತ್ತರ ಗೊತ್ತಿದೆಯೆಂದು ಕಾಗದಕ್ಕೆ ಸಹಿ ಹಾಕಿ ಎದ್ದು ಹೊರಟ ಕಡೆಗಳಲ್ಲಿ, ಅವರು ಇನ್ನೂ ಬಹುಕಾಲ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಿರಲಿ.